ನಡುಗಿದ್ದು ಕೈಯಲ್ಲ

“ನೀವು ಹೆದರುತ್ತೀರಿ, ಫ್ರಾವ್ ರೇಗೊ.”

ಕೋವಿ ಅಂಗಡಿಯ ಸೈಪ್ ಈ ಮಾತು ಹೇಳಿದ್ದು ಐರಿನ್ ತಂದಿದ್ದ ಗುರಿಹಲಗೆಯ ಕಾಗದವನ್ನು ಪೂರ್ತಿ ಬಿಡಿಸಿಯೂ ನೋಡದೆ. ಕಾಗದದಲ್ಲಿ ಐದು ತೂತುಗಳಿದ್ದವು. ಒಂದು ಮೇಲೆ ಬಲಕ್ಕೆ, ಒಂದು ತೀರಾ ಕೆಳಗೆ, ಎರಡು ಎಡಕ್ಕೆ. ಇನ್ನೊಂದು ಕಾಗದದ ಅಂಚನ್ನೇ ಹರಿದುಕೊಂಡು ಹೋಗಿತ್ತು. ನೂರು ಮೀಟರ್ ದೂರದಿಂದ, ಮರಳಿನ ಚೀಲದ ಮೇಲೆ ರೈಫಲ್ ಇಟ್ಟು, ಉಸಿರು ಹಿಡಿದು ಹೊಡೆದ ಗುಂಡುಗಳು ಅವು.

“ರೈಫಲ್ ಸರಿಯಿದೆ. ಸ್ಕೋಪ್ ಹೊಸದು. ಕೂರಿಸಿದವನು ನಾನು, ಗುರಿ ಹೊಂದಿಸಿದವನೂ ನಾನೇ,” ಎಂದ ಸೈಪ್. “ಗುಂಡು ಸಿಡಿಯುವ ಮೊದಲೇ ನೀವು ಕಣ್ಣು ಮುಚ್ಚಿ ಹೆಗಲು ಎಳೆದುಕೊಳ್ಳುತ್ತೀರಿ. ಇದಕ್ಕೆ ನಾವು ಮುಕೆನ್ ಅನ್ನುತ್ತೇವೆ. ಹೆಂಗಸರಲ್ಲಿ ಇದು ಇದ್ದದ್ದೇ. ಅದರಲ್ಲೂ ಕೀಬೋರ್ಡ್ ಕುಟ್ಟುವ ಕೈ.”

ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ಐರಿನ್ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಅವಳ ಕಿವಿ ಬಿಸಿಯಾಗಿತ್ತು.

ಐರಿನ್ ರೇಗೊ ಬೆಳ್ತಂಗಡಿ ತಾಲ್ಲೂಕಿನ ಮಡಂತ್ಯಾರಿನವಳು. ಜರ್ಮನಿಯವರು ಕಂಪ್ಯೂಟರ್ ಜನರಿಗೆಂದು ಗ್ರೀನ್ ಕಾರ್ಡ್ ಕೊಡತೊಡಗಿದ ಮರುವರ್ಷ ಡಾರ್ಮ್‌ಸ್ಟಾಟ್‌ಗೆ ಬಂದಿದ್ದಳು. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಬರೆದ ಪ್ರೋಗ್ರಾಮ್ ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದು, ಹುಡುಕಿದ ಮೇಲೆ ‘ನನ್ನದರಲ್ಲಿ ತಪ್ಪೇ ಇಲ್ಲ’ ಎನ್ನುವವರ ಜತೆ ಗುದ್ದಾಡುವುದು. ಊರ ಹೊರಗೆ, ಓಡನ್‌ವಾಲ್ಡ್ ಕಾಡಿನ ಗುಡ್ಡಗಳು ಶುರುವಾಗುವಲ್ಲಿ, ಫ್ರಾವ್ ವೈಗಾಂಡ್ ಎಂಬ ವಿಧವೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ಎಪ್ಪತ್ತು ಸಮೀಪಿಸಿದ್ದ ಆ ಹೆಂಗಸಿಗೆ ಒಂದು ಮಂಡಿ ಮಡಚಲು ಬರುತ್ತಿರಲಿಲ್ಲ. ಗಂಡ ಬದುಕಿದ್ದಾಗ ಇಬ್ಬರೂ ಜತೆಯಾಗಿ ಬೇಟೆಗೆ ಹೋಗುತ್ತಿದ್ದರು. ಇಬ್ಬರಿಗೂ ಲೈಸೆನ್ಸ್ ಇತ್ತು.

ಒಂದು ಭಾನುವಾರ ಕಾಫಿ ಕುಡಿಯುವಾಗ ಐರಿನ್ ತನ್ನ ಮನೆಯ ಕೋವಿಯ ವಿಷಯ ಹೇಳಿದಳು. ಗದ್ದೆಗೆ ಹಂದಿ ನುಗ್ಗುತ್ತಿದ್ದುದರಿಂದ ಪಪ್ಪನ ಹತ್ತಿರ ಲೈಸೆನ್ಸಿನ ಕೋವಿಯೊಂದಿತ್ತು.

“ನೀನು ಹೊಡೆದಿದ್ದೀಯಾ?” ಎಂದು ಕೇಳಿದಳು ಮುದುಕಿ.

“ಮುಟ್ಟಲಿಕ್ಕೂ ಬಿಡುತ್ತಿರಲಿಲ್ಲ. ಅಣ್ಣನಿಗೆ ಮಾತ್ರ ಕಲಿಸಿದರು.”

ಫ್ರಾವ್ ವೈಗಾಂಡ್‌ಗೆ ಆ ಉತ್ತರ ಸಹಿಸಲಾಗಲಿಲ್ಲ. ಆ ಚಳಿಗಾಲ ಪೂರ್ತಿ ಐರಿನ್ ಬೇಟೆಗಾರರ ಪರೀಕ್ಷೆಗೆ ಓದಿದಳು. ಜರ್ಮನಿಯಲ್ಲಿ ಅದು ಆಟದ ಪರೀಕ್ಷೆಯಲ್ಲ. ಪ್ರಾಣಿಗಳ ಹಲ್ಲು ನೋಡಿ ವಯಸ್ಸು ಹೇಳಬೇಕು, ಮರದ ಮೊಗ್ಗು ನೋಡಿ ಹೆಸರು ಹೇಳಬೇಕು, ಕಾನೂನು ಬಾಯಿಪಾಠ ಬರಬೇಕು, ಆಮೇಲೆ ಗುರಿ. ಜತೆಗಿದ್ದ ಜರ್ಮನರಲ್ಲೇ ಎಷ್ಟೋ ಮಂದಿ ಫೇಲಾದರು. ಐರಿನ್ ಪಾಸಾದಳು, ಗುರಿಯಲ್ಲಿ ಒಳ್ಳೆಯ ಅಂಕವನ್ನೇ ಪಡೆದು. ಫ್ರಾವ್ ವೈಗಾಂಡ್ ಗಂಡನ ರೈಫಲನ್ನು ಅವಳ ಹೆಸರಿಗೆ ಮಾಡಿಕೊಟ್ಟಳು. ಮೂವತ್ತು ವರ್ಷ ನೆಟ್ಟಗೆ ಹೊಡೆದ ರೈಫಲ್. ಅದರ ಮೇಲಿನ ಹಳೆಯ ಸ್ಕೋಪಿನ, ಅಂದರೆ ಗುರಿ ನೋಡುವ ದುರ್ಬೀನಿನ, ಗಾಜು ಒಳಗಿಂದ ಮಂಜಾಗಿದ್ದರಿಂದ ಹೊಸದನ್ನು ಕೂರಿಸಲು ಸೈಪ್‌ಗೆ ಕೊಟ್ಟಿದ್ದರು. ಎಡವಟ್ಟು ಶುರುವಾದದ್ದು ಅಲ್ಲಿಂದ.

ಅಂಗಡಿಯ ಹೊರಗೆ ಕಾರಿನಲ್ಲಿ ರಾಮದಾಸ್ ಕಾಯುತ್ತಿದ್ದ. ಉಡುಪಿಯವನು, ಅದೇ ಆಫೀಸಿನಲ್ಲಿ ಪ್ರೋಗ್ರಾಮರ್. ರೈಫಲ್ ಹಿಡಿದುಕೊಂಡು ಟ್ರಾಮ್ ಹತ್ತುವುದು ಚೆನ್ನಾಗಿರುವುದಿಲ್ಲವೆಂದು ಕರೆದುಕೊಂಡು ಬಂದಿದ್ದ. ಮೀನನ್ನೂ ತಿನ್ನದ ಅವನಿಗೆ ಈ ವ್ಯವಹಾರವೇ ಅರ್ಥವಾಗುತ್ತಿರಲಿಲ್ಲ.

“ಎಂತ ಹೇಳಿದ ಅವ?”

“ನಾನು ಹೆದರ್ತೇನಂತೆ. ಹೆಂಗಸಂತೆ. ಕೀಬೋರ್ಡ್ ಕುಟ್ಟುವ ಕೈಯಂತೆ.”

“ಬಿಡು ಮಾರಾಯ್ತಿ. ನಿನಗೆ ಆ ಕೋವಿಯೇ ಯಾಕೆ ಬೇಕಿತ್ತು ಹೇಳು. ನಮ್ಮದು ಐದು ವರ್ಷದ ಪರ್ಮಿಟ್. ಆಫೀಸು, ಮನೆ, ಸಾಮಾನಿಗೆ ಆಲ್ಡಿ ಅಂಗಡಿ ಅಂತ ಇದ್ದುಬಿಟ್ರೆ ಆಯ್ತು. ಇವರ ಹತ್ರ ಜಗಳ ಮಾಡಿ ನಮಗೆ ಎಂತ ಸಿಗ್ತದೆ?”

“ರಾಮದಾಸ, ನಿನ್ನ ಕೋಡಲ್ಲಿ ಬಗ್ ಉಂಟು ಅಂತ ನಾನು ಹೇಳಿದ್ರೆ ನೀನು ಎಂತ ಮಾಡ್ತಿ?”

“ಮೊದಲು ಇಲ್ಲ ಅಂತ ಹೇಳ್ತೇನೆ,” ಎಂದು ಒಪ್ಪಿಕೊಂಡ ರಾಮದಾಸ್. “ಆಮೇಲೆ ನೋಡ್ತೇನೆ.”

“ಅವ ನೋಡ್ಲೇ ಇಲ್ಲ ಮಾರಾಯ! ಕಾಗದ ಬಿಡಿಸ್ಲೂ ಇಲ್ಲ!”

ಅವಳ ಸಿಟ್ಟು ಮನೆ ಮುಟ್ಟುವವರೆಗೂ ಇಳಿಯಲಿಲ್ಲ. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಅನುಮಾನವೂ ಇತ್ತು. ನಿಜವಾಗಿಯೂ ತಾನೇ ಹೆದರುತ್ತಿದ್ದರೆ? ಹೆದರುವವರಿಗೆ ತಾವು ಹೆದರುವುದು ತಿಳಿಯುವುದಿಲ್ಲವಲ್ಲ. ಇನ್ನೊಬ್ಬರ ತಪ್ಪು ಹುಡುಕುವ ಮೊದಲು ತನ್ನದನ್ನು ನೋಡಿಕೊಳ್ಳಬೇಕು ಎಂದುಕೊಂಡಳು.

ಮುಂದಿನ ಶನಿವಾರ ಮೂವರೂ ಗುರಿ ಮೈದಾನಕ್ಕೆ ಹೋದರು. ಫ್ರಾವ್ ವೈಗಾಂಡ್ ಕೋಲೂರಿಕೊಂಡು ಬಂದು ಐರಿನ್‌ಳ ಪಕ್ಕದಲ್ಲಿ ಕೂತಳು. ಪರೀಕ್ಷೆ ಸರಳವಾಗಿತ್ತು. ಐರಿನ್ ಮುಖ ಆಚೆ ತಿರುಗಿಸಬೇಕು, ಮುದುಕಿ ರೈಫಲಿಗೆ ಗುಂಡು ತುಂಬಬೇಕು. ಒಮ್ಮೆ ನಿಜವಾದ ಗುಂಡು, ಒಮ್ಮೆ ಸಿಡಿಯದ ಹುಸಿಗುಂಡು. ಒಳಗಿರುವುದು ಯಾವುದೆಂದು ಹೊಡೆಯುವವಳಿಗೆ ಗೊತ್ತಿರಬಾರದು. ಹೆದರುವವಳಾದರೆ ಹುಸಿಗುಂಡಿಗೂ ಹೆಗಲು ಎಳೆದುಕೊಳ್ಳುತ್ತಾಳೆ, ನಳಿಗೆ ಕುಣಿಯುತ್ತದೆ.

ಐರಿನ್ ಟ್ರಿಗರ್ ಎಳೆದಳು. ಕ್ಲಿಕ್ ಎಂದಿತು. ನಳಿಗೆ ಅಲುಗಲಿಲ್ಲ.

“ಇನ್ನೊಮ್ಮೆ,” ಎಂದಳು ಮುದುಕಿ.

ಮತ್ತೆ ಕ್ಲಿಕ್. ಮತ್ತೆ ಸಿಡಿತ. ಮತ್ತೆ ಕ್ಲಿಕ್. ರಾಮದಾಸ್ ಉಸಿರು ಬಿಗಿಹಿಡಿದು ನಳಿಗೆಯ ತುದಿಯನ್ನೇ ನೋಡುತ್ತಿದ್ದ. ಸಿಡಿದಾಗಲೆಲ್ಲ ಅವನು ಹಾರಿಬೀಳುತ್ತಿದ್ದ. ಕ್ಲಿಕ್ ಎಂದಾಗ ನಳಿಗೆ ಬಂಡೆಯ ಮೇಲಿಟ್ಟ ಹಾಗೆ ನಿಂತಿರುತ್ತಿತ್ತು.

“ಮುಕೆನ್ ಇರುವುದು ಈ ಮನುಷ್ಯನಿಗೆ,” ಎಂದು ಮುದುಕಿ ರಾಮದಾಸನನ್ನು ಕೋಲಿನಿಂದ ತೋರಿಸಿದಳು. “ನಿನಗಲ್ಲ.”

ಅಷ್ಟಾದರೂ ತೂತುಗಳು ಮೊದಲಿನಂತೆಯೇ ಚೆಲ್ಲಾಪಿಲ್ಲಿಯಾಗಿದ್ದವು. ಬೇರೆ ಕಂಪನಿಯ ಗುಂಡು ಹಾಕಿ ನೋಡಿದರು, ಬದಲಾಗಲಿಲ್ಲ. ಕೊನೆಗೆ ಫ್ರಾವ್ ವೈಗಾಂಡ್ ತಾನೇ ರೈಫಲ್ ತೆಗೆದುಕೊಂಡಳು. ಆ ರೈಫಲಿನಿಂದ ಅವಳು ಗಂಡನಿಗಿಂತ ಚೆನ್ನಾಗಿ ಹೊಡೆಯುತ್ತಿದ್ದಳೆಂದು ಮೈದಾನದ ಹಳಬರೆಲ್ಲ ಹೇಳುತ್ತಿದ್ದರು. ಅವಳ ಮೊದಲ ಗುಂಡು ಸರಿಯಾಗಿ ನಡುವಿಗೆ ಬಿತ್ತು. ಎರಡನೆಯದು ಒಂದು ಗೇಣು ಎಡಕ್ಕೆ. ಮೂರನೆಯದು ಹಲಗೆಯ ತಳಕ್ಕೆ. ಅವಳು ರೈಫಲ್ ಕೆಳಗಿಟ್ಟು, ಆ ಕಾಗದವನ್ನು ತರಿಸಿ ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

ಅವತ್ತೇ ಸಂಜೆ ಅಂಗಡಿ ಮುಚ್ಚುವ ಮೊದಲು ಇಬ್ಬರು ಹೆಂಗಸರೂ ಸೈಪ್ ಎದುರು ನಿಂತರು. ಈ ಸಲ ಅವನು ಕಾಗದ ಬಿಡಿಸಿ ನೋಡಿದ. ನೋಡಿ ಮುದುಕಿಯತ್ತ ಕನಿಕರದಿಂದ ನಕ್ಕ.

“ಪ್ರಿಯ ಫ್ರಾವ್ ವೈಗಾಂಡ್, ನಿಮ್ಮ ಕಣ್ಣು ಡಾಕ್ಟರಿಗೆ ತೋರಿಸಿ ಎಷ್ಟು ದಿನವಾಯಿತು?”

ಹೆದರುಪುಕ್ಕಲಿ ಒಬ್ಬಳು, ಕಣ್ಣು ಕಾಣದವಳು ಇನ್ನೊಬ್ಬಳು. ಅವನ ಕೈಕೆಲಸವೊಂದನ್ನು ಬಿಟ್ಟು ಲೋಕದ ಬೇರೆಲ್ಲದರಲ್ಲೂ ದೋಷವಿತ್ತು. ಹಿಂದೆ ಗೋಡೆಗೆ ಒರಗಿಸಿಟ್ಟಿದ್ದ ರೈಫಲೊಂದರ ಮೇಲೂ ತನ್ನದರಲ್ಲಿದ್ದಂಥದೇ ಬೇಸ್, ಸ್ಕೋಪನ್ನು ಹೊರುವ ಉಕ್ಕಿನ ಪಟ್ಟಿ, ಕೂತಿರುವುದು ಐರಿನ್‌ಗೆ ಕಂಡಿತು. ಯಾರದೆಂದು ಕೇಳಿದಳು. ಬೆನ್ಸ್‌ಹೈಮಿನ ಹಲ್ಲಿನ ಡಾಕ್ಟರ್ ಲೆನ್ಸ್ ಅವರದು ಎಂದ ಸೈಪ್. “ಅವರದೇನೂ ದೂರು ಬಂದಿಲ್ಲ,” ಎಂದೂ ಸೇರಿಸಿದ.

ಮನೆಗೆ ಬಂದ ಮೇಲೆ ಐರಿನ್ ರೈಫಲನ್ನು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದಳು. ಆಫೀಸಿನಲ್ಲಿ ಮಾಡುವ ಹಾಗೆಯೇ ಇಲ್ಲೂ ಮಾಡಬೇಕು, ಒಂದು ಸಲಕ್ಕೆ ಒಂದನ್ನೇ ನೋಡಬೇಕು. ಹೊಡೆಯುವವರು ಕಾರಣವಲ್ಲ, ಗುಂಡು ಕಾರಣವಲ್ಲ. ನಳಿಗೆಗೂ ಕೆಳಗಿನ ಮರಕ್ಕೂ ನಡುವೆ ಕಾಗದದ ಪಟ್ಟಿ ತೂರಿಸಿ ಎಳೆದಳು. ಎಲ್ಲೂ ತಡೆಯಲಿಲ್ಲ, ಅಂದರೆ ಮರ ನಳಿಗೆಯನ್ನು ಒತ್ತುತ್ತಿಲ್ಲ. ಮರವನ್ನು ಹಿಡಿದಿರುವ ಸ್ಕ್ರೂಗಳು ಬಿಗಿಯಾಗಿದ್ದವು. ಉಳಿದದ್ದು ಸ್ಕೋಪ್, ಅದನ್ನು ಅಪ್ಪಿಕೊಂಡಿರುವ ರಿಂಗುಗಳು, ಮತ್ತು ರಿಂಗುಗಳನ್ನು ರೈಫಲಿಗೆ ಕೂಡಿಸುವ ಉಕ್ಕಿನ ಬೇಸ್. ಎಲ್ಲ ಸ್ಕ್ರೂಗಳನ್ನೂ ತಿರುಗಿಸಿ ನೋಡಿದಳು. ಎಲ್ಲವೂ ಗಟ್ಟಿ.

“ಅಲುಗುತ್ತಿದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣುವ ಹಾಗೆ ಮಾಡಬೇಕು,” ಎಂದಳು.

ಫ್ರಾವ್ ವೈಗಾಂಡ್ ಬಚ್ಚಲುಮನೆಗೆ ಹೋಗಿ ಕೆಂಪು ನೈಲ್ ಪಾಲಿಶ್ ತಂದಳು. ಅದರಿಂದ ಐರಿನ್ ಸಣ್ಣ ಗೆರೆಗಳನ್ನು ಎಳೆದಳು. ಸ್ಕೋಪಿನಿಂದ ರಿಂಗಿನ ಮೇಲೆ ಹಾದು ಹೋಗುವಂತೆ ಒಂದು, ಸ್ಕ್ರೂ ತಲೆಯಿಂದ ಬೇಸಿನ ಮೇಲೆ ಒಂದು, ಬೇಸಿನಿಂದ ರೈಫಲಿನ ಉಕ್ಕಿನ ಮೇಲೆ ಇನ್ನೊಂದು. ಒಣಗಿದ ಪಾಲಿಶ್ ಗಾಜಿನಂತೆ. ಕೂದಲೆಳೆಯಷ್ಟು ಜರುಗಿದರೂ ಬಿರುಕು ಬಿಡುತ್ತದೆ.

ಮರುದಿನ ಮೈದಾನದಲ್ಲಿ ಐದು ಗುಂಡು ಹೊಡೆದು ಭೂತಗನ್ನಡಿ ಹಿಡಿದು ನೋಡಿದಳು. ಸ್ಕೋಪಿನ ಗೆರೆ ಹಾಗೆಯೇ ಇತ್ತು. ಸ್ಕ್ರೂ ತಲೆಯದೂ ಹಾಗೆಯೇ ಇತ್ತು. ಮುಂದಿನ ಬೇಸಿಗೂ ರೈಫಲಿಗೂ ನಡುವಿನ ಗೆರೆ ಸೀಳಿಹೋಗಿತ್ತು.

“ಸ್ಕ್ರೂ ಬಿಗಿ ಉಂಟು, ಆದ್ರೆ ಬೇಸ್ ಜಾರ್ತಾ ಉಂಟು,” ಎಂದಳು ಕನ್ನಡದಲ್ಲಿ, ಪಕ್ಕದಲ್ಲಿದ್ದ ರಾಮದಾಸನಿಗೆ. “ಅದು ಹೇಗೆ ಸಾಧ್ಯ ಮಾರಾಯ?”

ರಾಮದಾಸ್ ಬಗ್ಗಿ ನೋಡಿದ. ಈಗ ಅವನಿಗೂ ಹುಳ ಹೊಕ್ಕಿತ್ತು. “ಸ್ಕ್ರೂ ಬೇಸನ್ನು ಹಿಡಿದುಕೊಳ್ಳದೆ ಬೇರೆ ಎಂಥದನ್ನೋ ಹಿಡಿದುಕೊಂಡಿದ್ರೆ?”

ಬಿಚ್ಚಿದರು. ಸ್ಕ್ರೂವಿನ ತುದಿ ಜಜ್ಜಿ ಹೊಳೆಯುತ್ತಿತ್ತು. ಫ್ರಾವ್ ವೈಗಾಂಡ್ ಹಳೆಯ ಬೇಸಿನ ಸ್ಕ್ರೂಗಳನ್ನು ಜೋಪಾನ ಮಾಡಿದ್ದಳು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಸೈಪ್ ಹಾಕಿದ್ದು ಸ್ವಲ್ಪ ಉದ್ದವಿತ್ತು. ದಪ್ಪ ಬೇಸಿಗೆಂದು ಮಾಡಿದ ಸ್ಕ್ರೂವನ್ನು ಅವನು ತೆಳ್ಳಗಿನ ಬೇಸಿಗೆ ಹಾಕಿದ್ದ. ಅದು ಬೇಸನ್ನು ಒತ್ತಿ ಹಿಡಿಯುವ ಮೊದಲೇ ತೂತಿನ ತಳಕ್ಕೆ ತಾಗಿ ನಿಂತುಬಿಟ್ಟಿತ್ತು. ತಿರುಗಿಸುವ ಕೈಗೆ ಗಟ್ಟಿಯೆನಿಸುತ್ತದೆ, ಆದರೆ ಬೇಸ್ ಕೆಳಗೆ ಸಡಿಲ. ಪ್ರತಿ ಗುಂಡಿಗೂ ಸ್ಕೋಪ್ ಒಂದು ಎಳೆಯಷ್ಟು ಬೇರೆ ಕಡೆ ಮುಖ ಮಾಡುತ್ತಿತ್ತು. ರೈಫಲಿನ ಮೇಲೆ ಆ ಒಂದು ಎಳೆ ನೂರು ಮೀಟರ್ ದಾಟುವಷ್ಟರಲ್ಲಿ ಗೇಣಾಗುತ್ತಿತ್ತು.

ಹಳೆಯ ಗಿಡ್ಡ ಸ್ಕ್ರೂಗಳನ್ನು ಹಾಕಿ ಬಿಗಿದರು, ಗುರಿ ಹೊಂದಿಸಿದರು. ಆಮೇಲೆ ಹೊಡೆದ ಗುಂಡುಗಳ ತೂತುಗಳೆಲ್ಲ ಒಂದು ಬೆಂಕಿಪೊಟ್ಟಣದಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು. ಐರಿನ್ ಆ ಕಾಗದವನ್ನು ನೋಡುತ್ತ ನಿಂತಳು. ಖುಷಿಯಾಗಬೇಕಿತ್ತು. ಅದರ ಬದಲು ಇಷ್ಟು ದಿನ ನುಂಗಿಕೊಂಡ ಸಿಟ್ಟೆಲ್ಲ ಒಟ್ಟಿಗೆ ಮೇಲೆ ಬಂತು. ಒಂದು ವಾರ ತನ್ನ ಕೈಯನ್ನು ತಾನೇ ಅನುಮಾನಿಸುವ ಹಾಗೆ ಮಾಡಿದ್ದನಲ್ಲ ಆ ಮನುಷ್ಯ!

ಸೋಮವಾರ ಅವಳು ಒಬ್ಬಳೇ ಅಂಗಡಿಗೆ ಹೋದಳು. ಎರಡೂ ಸ್ಕ್ರೂಗಳನ್ನು ಕೌಂಟರ್ ಮೇಲಿಟ್ಟು, ನಡೆದದ್ದನ್ನು ಮೊದಲಿಂದ ಹೇಳಿದಳು. ಸೈಪ್ ಮುಖದ ಬಣ್ಣ ಒಂದು ಗಳಿಗೆ ಬದಲಾಯಿತು. ಆಮೇಲೆ ಅವನು ಬೆನ್ನು ನೆಟ್ಟಗೆ ಮಾಡಿದ.

“ನನ್ನ ಕೆಲಸವನ್ನು ನೀವೇ ಬಿಚ್ಚಿದಿರಾ? ಹಾಗಾದರೆ ಗ್ಯಾರಂಟಿ ಮುಗಿಯಿತು. ಈ ಸ್ಕ್ರೂ ನಾನು ಹಾಕಿದ್ದು ಅನ್ನುವುದಕ್ಕೆ ಸಾಕ್ಷಿ ಏನು?”

“ಸಾಕ್ಷಿ ಬೇಡ. ಡಾಕ್ಟರ್ ಲೆನ್ಸ್ ಅವರ ರೈಫಲಿಗೂ ಇದೇ ಬೇಸ್ ಹಾಕಿದ್ದೀರಿ. ಮುಂದಿನ ಶನಿವಾರ ಡೌಮ್ ಅವರ ಕಾಡಿನಲ್ಲಿ ಬೇಟೆ ಇದೆ. ಅಷ್ಟರೊಳಗೆ ಅದನ್ನೊಮ್ಮೆ ತೆಗೆದು ನೋಡಿ. ನಾನು ಕೇಳುವುದು ಅಷ್ಟೇ.”

“ನನ್ನ ಗಿರಾಕಿಗಳ ಚಿಂತೆ ನನಗಿರಲಿ, ಫ್ರಾವ್ ರೇಗೊ. ನೀವು ನಿಮ್ಮ ಕಂಪ್ಯೂಟರ್ ನೋಡಿಕೊಳ್ಳಿ.”

ನವೆಂಬರಿನ ಆ ಶನಿವಾರ ಬೆಳಗ್ಗೆ ಡೌಮ್ ಅವರ ತೋಟದಮನೆಯ ಅಂಗಳದಲ್ಲಿ ಬೇಟೆಗಾರರೆಲ್ಲ ಸೇರಿದ್ದರು. ಆ ಕಾಡಿನ ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿದವನು ಡೌಮ್. ಯಾರು ಎಲ್ಲಿ ನಿಲ್ಲಬೇಕು, ಯಾರು ಕಾಡಿನೊಳಗೆ ಸಾಲಾಗಿ ನಡೆದು ಪ್ರಾಣಿಗಳನ್ನು ಎಬ್ಬಿಸಬೇಕು ಎನ್ನುವುದೆಲ್ಲ ಅವನ ತೀರ್ಮಾನ. ಐರಿನ್‌ಗೆ ನಿಂತು ಹೊಡೆಯುವ ಜಾಗ ಕೊಡುವುದಾಗಿ ಬೇಸಿಗೆಯಲ್ಲೇ ಮಾತು ಕೊಟ್ಟಿದ್ದ. ಅವತ್ತು ಹೆಸರು ಕೂಗುವಾಗ ಅವಳ ಹೆಸರು ಎಬ್ಬಿಸುವವರ ಗುಂಪಿನಲ್ಲಿ ಬಂತು.

“ನೀವು ಸ್ವಲ್ಪ ಗಾಬರಿಯಾಗುತ್ತೀರಿ ಎಂದು ಕೇಳಿದೆ,” ಎಂದ ಡೌಮ್, ಮಗುವಿಗೆ ಹೇಳುವ ಹಾಗೆ. “ಈ ವರ್ಷ ನಡೆದು ನೋಡಿ.”

ಸೈಪ್ ಸ್ವಲ್ಪ ದೂರದಲ್ಲಿ ಕಾಫಿ ಕುಡಿಯುತ್ತಿದ್ದ. ಐರಿನ್ ತನ್ನ ಜಾಗದ ಮಾತನ್ನು ಎತ್ತಲಿಲ್ಲ. “ಹೆರ್ ಡೌಮ್, ಅದು ಆಮೇಲೆ. ಡಾಕ್ಟರ್ ಲೆನ್ಸ್ ಅವರ ಸ್ಕೋಪ್ ಸಡಿಲ ಇರಬಹುದು. ನನ್ನದೂ ಹಾಗೇ ಇತ್ತು. ಹೊರಡುವ ಮೊದಲು ಒಂದು ನಿಮಿಷ ನೋಡೋಣ.”

ಲೆನ್ಸ್ ತಿರುಗಿ ನೋಡಿದ. ಎತ್ತರದ, ಸಭ್ಯ ಮನುಷ್ಯ. “ಸೈಪ್ ಗುರಿ ಹೊಂದಿಸಿ ಕೊಟ್ಟಿದ್ದಾನಲ್ಲ?” ಎಂದ.

“ನೀವು ಹೊಡೆದು ನೋಡಿದಿರಾ?”

“ಸಮಯ ಸಿಗಲಿಲ್ಲ.”

“ಫ್ರಾವ್ ರೇಗೊ,” ಡೌಮ್ ಧ್ವನಿ ಗಟ್ಟಿಯಾಯಿತು. “ಇದು ವರ್ಕ್‌ಶಾಪ್ ಅಲ್ಲ. ಅತಿಥಿಗಳು ಬೇಟೆ ತಡೆದು ನಿಲ್ಲಿಸುವ ಪದ್ಧತಿ ನಮ್ಮಲ್ಲಿಲ್ಲ.”

ಕೊಂಬು ಊದಿದರು. ಎಲ್ಲರೂ ಹೊರಟರು. ಫ್ರಾವ್ ವೈಗಾಂಡ್ ತನಗೆ ಕೊಟ್ಟ ಜಾಗಕ್ಕೆ ಹೋಗದೆ ಕಾರಿನೊಳಗೆ ಕೂತು ಬಾಗಿಲು ಎಳೆದುಕೊಂಡಳು. ಡೌಮ್ ಗಾಜು ತಟ್ಟಿದರೂ ಇಳಿಸಲಿಲ್ಲ.

ಐರಿನ್ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಸಾಲಿನಲ್ಲಿ ನಡೆದಳು. ಒದ್ದೆ ಎಲೆ, ಮುಳ್ಳಿನ ಪೊದೆ. ಮಧ್ಯಾಹ್ನಕ್ಕೆ ಮೊದಲು ಮುಂದಿನ ಇಳಿಜಾರಿನಿಂದ ಒಂದು ಗುಂಡಿನ ಸದ್ದು ಬಂತು. ಕೂಡಲೇ ಅವಳ ಬಲಗಡೆಯಿಂದ ರೇ ಎನ್ನುವ ಸಣ್ಣ ಜಿಂಕೆಯೊಂದು ಓಡಿ ಬಂತು. ಹೆಣ್ಣು. ಅದರ ಮುಂಗಾಲೊಂದು ಮೊಣಕಾಲಿನ ಮೇಲೆ ತುಂಡಾಗಿ ತೊಗಲಿನಲ್ಲಿ ನೇತಾಡುತ್ತಿತ್ತು. ಮೂರು ಕಾಲಿನಲ್ಲಿ ಅದು ಅವಳನ್ನು ದಾಟಿ, ಕೆಳಗಿನ ತೋಡು ಹಾರಿ, ಪೊದೆಗಳೊಳಗೆ ಮರೆಯಾಯಿತು. ಸದ್ದು ಬಂದದ್ದು ಲೆನ್ಸ್ ನಿಂತಿದ್ದ ಜಾಗದಿಂದ.

ಬೇಟೆ ಮುಗಿಸಿ ಗಾಯಗೊಂಡ ಪ್ರಾಣಿ ಹುಡುಕುವವನನ್ನು ಪಕ್ಕದ ಊರಿಂದ ಕರೆಸಿದರು. ಜಿಂಕೆ ಹೋದ ದಿಕ್ಕನ್ನು ಕಂಡವಳು ಐರಿನ್ ಒಬ್ಬಳೇ. ಹಾಗಾಗಿ ಅವಳೇ ಅವನ ಜತೆ ಹೋದಳು. ಅವನ ಕೆಂಪು ನಾಯಿ ಮೂಗು ನೆಲಕ್ಕಿಟ್ಟುಕೊಂಡು ತೋಡು ದಾಟಿತು, ಗುಡ್ಡ ಹತ್ತಿತು, ಇನ್ನೊಂದು ಗುಡ್ಡ ಇಳಿಯಿತು. ಅಲ್ಲಲ್ಲಿ ಎಲೆಯ ಮೇಲೆ ರಕ್ತದ ಹನಿ, ಮೂಳೆಯ ಚೂರು. ಬೆಳಕು ಕಡಿಮೆಯಾಗುವ ಹೊತ್ತಿಗೆ ಜಿಂಕೆ ಸಿಕ್ಕಿತು. ಒಂದು ಮರದ ಬುಡದಲ್ಲಿ ಮುದುರಿ ಕೂತಿತ್ತು. ಏಳಲು ಹೋಗಿ ಮುಗ್ಗರಿಸಿತು. ಸದ್ದಿಲ್ಲದೆ ಬಾಯಿ ತೆರೆದಿತ್ತು. ನಾಯಿಯವನು ಅದನ್ನು ಮುಗಿಸಿದ.

ಐರಿನ್ ಮಂಡಿಯೂರಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟಳು. ಇನ್ನೂ ಬಿಸಿಯಿತ್ತು. ಬೇಟೆಯಲ್ಲಿ ಪ್ರಾಣಿ ಸಾಯುತ್ತದೆ, ಅದು ಅವಳಿಗೆ ಗೊತ್ತಿತ್ತು, ಅದನ್ನು ಒಪ್ಪಿಯೇ ಪರೀಕ್ಷೆ ಬರೆದಿದ್ದಳು. ಆದರೆ ಇದು ಬೇಟೆಯಲ್ಲ. ಬೆಳಗ್ಗೆ ಒಂದು ನಿಮಿಷ ನಿಂತು ನೋಡಲು ಗಂಡಸರ ಗತ್ತು ಬಿಡಲಿಲ್ಲ, ಅದಕ್ಕೆ ಈ ಜೀವ ಇಡೀ ಮಧ್ಯಾಹ್ನ ಮೂರು ಕಾಲಿನಲ್ಲಿ ಓಡಿತು.

ಅಂಗಳದಲ್ಲಿ ಲೆನ್ಸ್ ಕಾಯುತ್ತಿದ್ದ. “ಜೋರಾಗಿ ಓಡುತ್ತಿತ್ತು. ನನ್ನದೇ ತಪ್ಪು,” ಎಂದ ಮುಖ ಬಾಡಿಸಿ.

“ರೈಫಲ್ ಖಾಲಿಯಿದೆಯಾ?” ಎಂದು ಕೇಳಿದಳು ಐರಿನ್.

ಲೆನ್ಸ್ ಬೋಲ್ಟ್ ತೆರೆದು ತೋರಿಸಿದ. ಅವಳು ರೈಫಲನ್ನು ಕಾರಿನ ಬಾನೆಟ್ ಮೇಲಿಟ್ಟು, ಸ್ಕೋಪಿನ ಮುಂಭಾಗವನ್ನು ಮುಷ್ಟಿಯಲ್ಲಿ ಹಿಡಿದು ಪಕ್ಕಕ್ಕೆ ಒತ್ತಿದಳು. ಟಿಕ್. ಈ ಕಡೆ ಒತ್ತಿದಳು. ಟಿಕ್. “ನಿಮ್ಮ ಬೆರಳು ಇಲ್ಲಿಡಿ,” ಎಂದಳು. ಬೇಸ್ ರೈಫಲಿನ ಉಕ್ಕಿಗೆ ತಾಗುವ ಸಂದಿಯಲ್ಲಿ ಲೆನ್ಸ್ ಬೆರಳಿಟ್ಟ. ಅವಳು ಮತ್ತೆ ಒತ್ತಿದಳು. ಆ ಮನುಷ್ಯನ ಮುಖ ಬಿಳಿಚಿಕೊಂಡಿತು.

ಅವನು ಎಲ್ಲರಿಗೂ ಕೇಳುವಂತೆ ಹೇಳಿದ. “ಇವರು ಬೆಳಗ್ಗೆಯೇ ಹೇಳಿದರು. ನಾನು ಕೇಳಲಿಲ್ಲ.”

ಆಮೇಲೆ ಊಟ. ಬೇಟೆಯ ನಂತರ ಎಲ್ಲರೂ ಒಂದೇ ಉದ್ದ ಮೇಜಿಗೆ ಕೂತು ಬಟಾಣಿ ಸೂಪ್ ಕುಡಿಯುವುದು ಅಲ್ಲಿನ ಪದ್ಧತಿ. ಸೈಪ್ ಅಷ್ಟರಲ್ಲಿ ಮಾತು ಕಟ್ಟಿಕೊಂಡಿದ್ದ. ಸ್ಕ್ರೂ ಕಳಿಸಿದವರು ತಪ್ಪು ಪೊಟ್ಟಣ ಕಳಿಸಿದ್ದರಂತೆ, ಸೋಮವಾರ ಎಲ್ಲರಿಗೂ ಬದಲಾಯಿಸಿ ಕೊಡುತ್ತಾನಂತೆ. ಗಂಡಸರು ತಲೆಯಾಡಿಸಿದರು. ಒಬ್ಬ ಅವನ ಬೆನ್ನು ತಟ್ಟಿದ. ಡೌಮ್ ಲೋಟಕ್ಕೆ ಚಮಚ ಬಡಿದು ಎದ್ದು ನಿಂತ.

“ಇನ್ನು ಮೇಲೆ ನನ್ನ ಕಾಡಿಗೆ ಬರುವವರು, ರೈಫಲಿಗೆ ಹೊಸದಾಗಿ ಏನನ್ನು ಕೂರಿಸಿದ್ದರೂ, ಮೊದಲು ಮೈದಾನದಲ್ಲಿ ಹೊಡೆದು ತೋರಿಸಬೇಕು. ಬಹಳ ದಿನದಿಂದ ನನ್ನ ಮನಸ್ಸಿನಲ್ಲಿತ್ತು.”

“ಎಷ್ಟು ದಿನದಿಂದ, ಗೆಯೋರ್ಗ್?” ಮೇಜಿನ ಆ ತುದಿಯಿಂದ ಫ್ರಾವ್ ವೈಗಾಂಡ್ ಡೌಮ್‌ನನ್ನು ಹೆಸರು ಹಿಡಿದು ಕೇಳಿದಳು. “ಬೆಳಗ್ಗೆ ಇದ್ದ ಹಾಗೆ ಕಾಣಲಿಲ್ಲ.”

ಡೌಮ್ ಕೆಮ್ಮಿದ. “ಬೆಳಗ್ಗೆ ಅದಕ್ಕೆ ಹೊತ್ತಲ್ಲ. ಬನ್ನಿ, ಸೂಪ್ ಆರುತ್ತಿದೆ.”

ಎಲ್ಲರೂ ಚಮಚ ಎತ್ತಿಕೊಂಡರು. ಐರಿನ್ ಎದ್ದು ನಿಂತಳು. ರಾಮದಾಸ್ ಹೇಳುತ್ತಿದ್ದ ಐದು ವರ್ಷದ ಪರ್ಮಿಟ್ಟಿನ ಮಾತು ನೆನಪಾಯಿತು. ನೆನಪಾಗಿ ಸಿಟ್ಟು ಇನ್ನಷ್ಟು ಹೆಚ್ಚಾಯಿತು. ಪರ್ಮಿಟ್ ಐದು ವರ್ಷದ್ದಾದರೆ ಬೈಗುಳವನ್ನೂ ಐದು ವರ್ಷ ನುಂಗಬೇಕೆಂದು ಎಲ್ಲಿ ಬರೆದಿದೆ?

“ಹೆರ್ ಸೈಪ್,” ಎಂದಳು. ಅವಳ ಜರ್ಮನ್ ನಿಧಾನವಾಗಿತ್ತು, ಆದರೆ ಒಂದು ತಪ್ಪೂ ಇರಲಿಲ್ಲ. “ನಾನು ಹೆದರುತ್ತೇನೆ ಎಂದು ನೀವು ನಿಮ್ಮ ಅಂಗಡಿಯಲ್ಲಿ ಹೇಳಿದಿರಿ. ಹೆರ್ ಡೌಮ್‌ಗೂ ಹೇಳಿದಿರಿ. ಫ್ರಾವ್ ವೈಗಾಂಡ್‌ಗೆ ಕಣ್ಣು ಕಾಣುವುದಿಲ್ಲ ಎಂದಿರಿ. ಸ್ಕ್ರೂವಿನ ಮಾತು ಮುಗಿಯಿತು. ಈ ಮಾತುಗಳನ್ನು ಯಾವಾಗ ವಾಪಸ್ ತೆಗೆದುಕೊಳ್ಳುತ್ತೀರಿ?”

“ಇದು ಊಟದ ಹೊತ್ತು,” ಎಂದ ಡೌಮ್.

“ನನಗೆ ಹಸಿವಿಲ್ಲ. ಕಾಯುತ್ತೇನೆ.”

ಅವಳು ಕೂರಲಿಲ್ಲ. ಯಾರೂ ತಿನ್ನಲಿಲ್ಲ. ಲೆನ್ಸ್ ತನ್ನ ಚಮಚವನ್ನು ಕೆಳಗಿಟ್ಟು ಸೈಪ್‌ನನ್ನೇ ನೋಡತೊಡಗಿದ. ಸೈಪ್ ಬ್ರೆಡ್ಡನ್ನು ಚೂರುಚೂರು ಮಾಡಿದ, ಆಚೀಚೆ ನೋಡಿದ, ನಗಲು ನೋಡಿದ. ಯಾರೂ ಜತೆಗೂಡಲಿಲ್ಲ.

“ನೀವು ಹೆದರಿರಲಿಲ್ಲ,” ಎಂದ ಕೊನೆಗೆ, ತಟ್ಟೆಗೆ ಹೇಳುವ ಹಾಗೆ.

“ನನಗೆ ಕೇಳಿಸಲಿಲ್ಲ,” ಎಂದಳು ಫ್ರಾವ್ ವೈಗಾಂಡ್. “ಕಣ್ಣಿನ ಜತೆ ಕಿವಿಯೂ ಹೋಗಿರಬೇಕು.”

“ಫ್ರಾವ್ ರೇಗೊ ಹೆದರಿರಲಿಲ್ಲ. ನಿಮ್ಮ ಕಣ್ಣೂ ಸರಿಯಿದೆ,” ಎಂದು ಸೈಪ್ ಕಿರುಚಿದಂತೆ ಹೇಳಿದ. ಐರಿನ್ ಕೂತಳು. ಸೂಪ್ ತಣ್ಣಗಾಗಿತ್ತು. ಅವಳು ತಟ್ಟೆ ಖಾಲಿ ಮಾಡಿದಳು. ಆ ಸಂಜೆ ಲೆನ್ಸ್ ಬಿಟ್ಟರೆ ಬೇರೆ ಯಾರೂ ಅವಳಿಗೆ ಕೈಕುಲುಕಿ ವಿದಾಯ ಹೇಳಲಿಲ್ಲ.

ಸೋಮವಾರ ಕ್ಯಾಂಟೀನಿನಲ್ಲಿ ರಾಮದಾಸನಿಗೆ ಎಲ್ಲ ಹೇಳಿದಳು. ಬುದ್ಧಿ ಹೇಳುತ್ತಾನೆಂದುಕೊಂಡಿದ್ದಳು. ಅವನು ಊಟ ಬಿಟ್ಟು ಕೇಳಿದ. “ಆ ಡೌಮ್ ಸಾರಿ ಹೇಳಿದನಾ?”

“ಇಲ್ಲ.”

“ಎಂಥ ಜನ ಮಾರಾಯ್ತಿ ಇವರು!” ಎಂದು ಮೇಜಿಗೆ ಗುದ್ದಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಮೇ ತಿಂಗಳಲ್ಲಿ ಗಂಡು ರೇಗಳ ಬೇಟೆ ಶುರುವಾಗುವ ಸಮಯಕ್ಕೆ ಡೌಮ್ ತಾನಾಗಿ ಫೋನ್ ಮಾಡಿದ. ದನಿ ಬಹಳ ಮೃದುವಾಗಿತ್ತು. ಶನಿವಾರ ತನ್ನ ಬೇಟೆಗಾರರೆಲ್ಲ ಮೈದಾನಕ್ಕೆ ಬರುತ್ತಾರೆ, ಐರಿನ್ ಬಂದು ಎಲ್ಲರ ಸ್ಕೋಪ್, ಬೇಸ್ ಒಮ್ಮೆ ಪರೀಕ್ಷಿಸಿ ಕೊಟ್ಟರೆ ಉಪಕಾರವಾಗುತ್ತದೆ ಎಂದ.

“ಕಾಡಿನಲ್ಲಿ ನನಗೆ ಜಾಗ ಇದೆಯಾ?” ಎಂದು ಕೇಳಿದಳು.

“ಅದು... ಈ ವರ್ಷ ಜಾಗಗಳೆಲ್ಲ ತುಂಬಿವೆ.”

“ಹಾಗಾದರೆ ಸ್ಕ್ರೂ ನೀವೇ ನೋಡಿಕೊಳ್ಳಿ, ಹೆರ್ ಡೌಮ್. ಬೇಟೆಗಾರ್ತಿಯಾಗಿ ಕರೆದರೆ ಬರುತ್ತೇನೆ. ಮೆಕ್ಯಾನಿಕ್ ಆಗಿ ಬರುವುದಿಲ್ಲ.”

ಡೌಮ್ ಮತ್ತೆ ಫೋನ್ ಮಾಡಲಿಲ್ಲ. ಫ್ರಾವ್ ವೈಗಾಂಡ್ ತನ್ನ ತಂಗಿಯ ಮಗನಿಗೆ ಹೇಳಿ ಬೇರ್‌ಫೆಲ್ಡನ್ ಕಡೆಯ ಅವನ ಕಾಡಿನಲ್ಲಿ ಅವಳಿಗೆ ಜಾಗ ಮಾಡಿಸಿದಳು. ಜೂನಿನ ಒಂದು ಬೆಳಗ್ಗೆ ಅಲ್ಲಿ ಐರಿನ್ ತನ್ನ ಮೊದಲ ಗಂಡು ರೇಯನ್ನು ಹೊಡೆದಳು. ಅದು ನಿಂತಲ್ಲೇ ಬಿತ್ತು, ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಹೊಸ ಸ್ಕೋಪ್ ಕೂರಿಸಿದವರು ಮೊದಲು ಹೊಡೆದು ತೋರಿಸಬೇಕೆಂಬ ಪದ್ಧತಿ ಸುತ್ತಲಿನ ಕಾಡುಗಳಿಗೂ ಹಬ್ಬಿತು. ಮೈದಾನದಲ್ಲಿ ಜನ ಅದನ್ನು ‘ಡೌಮ್ ನಿಯಮ’ ಎಂದು ಕರೆಯುತ್ತಾರೆ. ಆ ಹೆಸರು ಕಿವಿಗೆ ಬಿದ್ದಾಗ ಐರಿನ್ ಗುಂಡು ತುಂಬುವುದನ್ನು ನಿಲ್ಲಿಸಿ, ಹೇಳಿದವರ ಹತ್ತಿರ ಹೋಗಿ, ಒಂದು ಜಿಂಕೆ ಮೂರು ಕಾಲಿನಲ್ಲಿ ಓಡಿದ ಮಧ್ಯಾಹ್ನದ ಕಥೆಯನ್ನು ಮೊದಲಿಂದ ಹೇಳುತ್ತಾಳೆ. ಕೆಲವರಿಗೆ ಬೇಸರ ಬಂದಿದೆ. ಅವಳಿಗೆ ಇನ್ನೂ ಬಂದಿಲ್ಲ.